ಐದನೆಯ ಟವೆಲ್

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅವರ ಹೆಸರು ಹಾಕಿ ನಾನೊಂದು ಕಾಗದ ಬರೆದುಕೊಟ್ಟಿದ್ದೆ. ಅದರಿಂದ ಆದದ್ದೇ ಸಾಕಾಗಿದೆ. ಅಮೆರಿಕದ ಕ್ಯಾರಿ ಎಂಬ ಊರಿನಲ್ಲಿ ನಮ್ಮ ಎದುರು ಮನೆಯಲ್ಲಿ ಅವರಿದ್ದ ಎರಡೂವರೆ ವರ್ಷವೂ ನಾನು ಅವರನ್ನು ಮೇಷ್ಟ್ರೇ ಎಂದೇ ಕರೆದೆ. ಇಲ್ಲಿಯೂ ಮೇಷ್ಟ್ರಾಗಿಯೇ ಇರಲಿ.

ಹೋದ ವಾರ ಅವರಿಂದ ಒಂದು ವಿಡಿಯೊ ಬಂತು. ನನ್ನ ಫೋನಿಗಲ್ಲ, ಮಗಳ ಫೋನಿಗೆ. ಟೋಕಿಯೊದ ಅರಕಾವಾ ನದಿಯ ದಂಡೆ, ರೈಲು ಸೇತುವೆಯ ಕೆಳಗೊಂದು ಕಾಂಕ್ರೀಟ್ ಕಂಬ, ಅದರ ಬುಡದಲ್ಲಿ ಚಾಪೆ ಹಾಕಿ ಕೂತು ಮೃದಂಗ ನುಡಿಸುತ್ತಿರುವ ಮೇಷ್ಟ್ರು. ಮೇಲೆ ರೈಲು ಬರುತ್ತದೆ. ಅವರು ಕೈ ಎತ್ತಿ ಸುಮ್ಮನಾಗುತ್ತಾರೆ. ರೈಲು ಹೋದ ಮೇಲೆ ಮತ್ತೆ ಎತ್ತಿಕೊಳ್ಳುತ್ತಾರೆ. ಅಷ್ಟೇ ವಿಡಿಯೊ. ಮಗಳು ತೊಡೆಯ ಮೇಲೆ ತಾಳ ಹಾಕುತ್ತ ಮೂರು ಸಲ ನೋಡಿ, ರೈಲು ಹೋಗುವಷ್ಟು ಹೊತ್ತೂ ಅಂಕಲ್ ಒಳಗೊಳಗೇ ಎಣಿಸುತ್ತಿದ್ದರು, ಒಂದು ಪೆಟ್ಟೂ ತಪ್ಪಿಲ್ಲ ಎಂದು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟಳು. ನಾನು ಒಂದೇ ಸಲ ನೋಡಿದೆ. ಅವರು ಮತ್ತೆ ನುಡಿಸುತ್ತಿದ್ದಾರೆ ಎಂದು ನನಗೆ ಸಂತೋಷವಾಗಬೇಕಿತ್ತು. ಫೋನನ್ನು ಮಗಳ ಕೈಗೆ ವಾಪಸು ಕೊಟ್ಟೆ.

ಮೇಷ್ಟ್ರು ಮೈಸೂರಿನವರು. ಹೆಂಡತಿ ಸಾಫ್ಟ್‌ವೇರ್ ಇಂಜಿನಿಯರು. ಆಕೆಯ ಕೆಲಸದ ಬೆನ್ನು ಹಿಡಿದು ಮೊದಲು ಟೋಕಿಯೊಗೆ ಹೋಗಿ ಒಂಬತ್ತು ವರ್ಷ ಇದ್ದು, ಕೋವಿಡ್ ಇನ್ನೂ ಪೂರ್ತಿ ತೊಲಗಿರದ ದಿನಗಳಲ್ಲಿ ಕ್ಯಾರಿಗೆ ಬಂದರು. ಇಲ್ಲಿ ಅವರದು ಎಚ್-ಫೋರ್ ವೀಸಾ, ಅಂದರೆ ಹೆಂಡತಿಯ ವೀಸಾಕ್ಕೆ ಅಂಟಿಕೊಂಡಿರುವ ವೀಸಾ. ಊಟ ಮಾಡಬಹುದು, ಕಾರು ಓಡಿಸಬಹುದು, ಕೆಲಸ ಮಾಡುವ ಹಾಗಿಲ್ಲ. ನಮ್ಮ ಪಾರ್ಟಿಗಳಲ್ಲಿ ಗಂಡಸರು ತಟ್ಟೆ ಹಿಡಿದು ನಿಂತ ಕೂಡಲೇ ಕೇಳುವ ಮೊದಲ ಪ್ರಶ್ನೆ ಏನು ಮಾಡ್ಕೊಂಡಿದ್ದೀರಿ ಅಂತ. ಎಲ್ಲರೂ ಒಂದೊಂದು ಕಂಪನಿಯ ಹೆಸರು ಹೇಳುತ್ತಾರೆ. ಮೇಷ್ಟ್ರು ಮಾತ್ರ "ಪಕ್ಕವಾದ್ಯ" ಅನ್ನುತ್ತಿದ್ದರು. ಕೇಳಿದವನು ಮೃದಂಗದ ವಿಷಯ ಎಂದುಕೊಂಡು ತಲೆಯಾಡಿಸುತ್ತಿದ್ದ. ಅವರ ಹೆಂಡತಿ ಒಬ್ಬರೇ ನಗುತ್ತಿದ್ದರು.

ಆರಡಿ ಎತ್ತರದ, ಕಪ್ಪಗಿನ, ದೊಡ್ಡ ಕೈಗಳ ಆಳು. ಆ ದೇಹದಲ್ಲಿ ಜಪಾನು ಬಿಟ್ಟುಹೋದ ಗುರುತುಗಳನ್ನು ಕಂಡಾಗಲೆಲ್ಲ ನಾನು ತಮಾಷೆ ಮಾಡುತ್ತಿದ್ದೆ. ಫೋನಿನಲ್ಲಿ ಮಾತಾಡುವಾಗಲೂ ಸೊಂಟ ಬಗ್ಗಿಸುತ್ತಿದ್ದರು. ಕಾಫಿ ಲೋಟವನ್ನೂ ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು. ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟು, ಮತ್ತೆ ಬಗ್ಗಿ, ಅದರ ಮೂತಿಯನ್ನು ಬಾಗಿಲಿನಾಚೆಗೆ ತಿರುಗಿಸಿಡುತ್ತಿದ್ದರು. ಒಂದು ಗಣೇಶನ ಹಬ್ಬಕ್ಕೆ ನಮ್ಮ ಮನೆಯಲ್ಲಿ ನಲವತ್ತು ಜನ ಸೇರಿದ್ದರು. ಮಂಗಳಾರತಿಯ ಹೊತ್ತಿಗೆ ಮೇಷ್ಟ್ರು ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಗರಾಜಿನಲ್ಲಿ ಕುಕ್ಕರುಗಾಲಲ್ಲಿ ಕೂತು ನಲವತ್ತು ಜೊತೆ ಚಪ್ಪಲಿಗಳನ್ನೂ ಸಾಲಾಗಿ ಹೊರಮುಖ ಮಾಡಿ ಜೋಡಿಸುತ್ತಿದ್ದರು. ಆರತಿ ತಪ್ಪಿತಲ್ಲ ಮೇಷ್ಟ್ರೇ ಎಂದೆ. ಹೋಗುವಾಗ ಯಾರೂ ಎಡವಬಾರದಲ್ಲ ಎಂದರು. ಅಂದು ಮನೆಗೆ ಹೊರಟವರೆಲ್ಲ ತಮ್ಮ ಚಪ್ಪಲಿ ಸಿಕ್ಕ ರೀತಿಗೆ ಬೆರಗಾಗಿ ಹೋದರು.

ನನ್ನನ್ನು ಅವರು ರಾಯ್ರೇ ಎನ್ನುತ್ತಿದ್ದರು. ನಾನು ರಾಯನೂ ಅಲ್ಲ, ರಾವ್ ಎಂಬುದು ನನ್ನ ಹೆಸರಿನಲ್ಲೂ ಇಲ್ಲ. ಬಡಾವಣೆಯ ಕಮಿಟಿಯಲ್ಲಿ ಸೆಕ್ರೆಟರಿಯಾಗಿ ನಾನು ಸ್ವಲ್ಪ ಮೆರೆಯುತ್ತಿದ್ದುದಕ್ಕೆ ಅವರಿಟ್ಟ ಹೆಸರು ಅದು. ನಾನದನ್ನು ಸಂತೋಷವಾಗಿಯೇ ಹೊತ್ತುಕೊಂಡಿದ್ದೆ.

ಜಪಾನಿನ ಕತೆಗಳನ್ನು ಅವರು ಹೇಳುತ್ತಿದ್ದುದು ರವೆ ಕಲಸುತ್ತ. ಮೃದಂಗದ ಎಡ ಮುಚ್ಚಿಗೆಗೆ ನುಡಿಸುವ ಮುಂಚೆ ಪ್ರತಿ ಸಲವೂ ಹಸಿ ರವೆಯ ಹಿಟ್ಟು ಮೆತ್ತಬೇಕು, ಇಲ್ಲದಿದ್ದರೆ ಆ ಗಂಭೀರ ನಾದ ಬರುವುದಿಲ್ಲ. ಅವರ ಮನೆಯಲ್ಲಿ ರವೆ ಸದಾ ಮುಗಿದಿರುತ್ತಿತ್ತು. ಬಟ್ಟಲು ಹಿಡಿದು ರಸ್ತೆ ದಾಟಿ ನಮ್ಮ ಅಡಿಗೆಮನೆಗೇ ಬರುತ್ತಿದ್ದರು. ನನ್ನ ಹೆಂಡತಿ ಡಬ್ಬಿಯನ್ನು ಮುಂದಿಟ್ಟು, ಉಪ್ಪಿಟ್ಟಿಗೆ ಒಂದು ಪಾವು ಉಳಿಸಿ ಎಂದು ರೇಗಿಸುತ್ತಿದ್ದಳು. ಟೋಕಿಯೊಗೆ ಹೋದ ಹೊಸದರಲ್ಲಿ ರವೆ ಎಲ್ಲಿ ಸಿಗುತ್ತದೆಂದು ತಿಳಿಯದೆ ಅಲ್ಲಿಯ ಅಂಟಕ್ಕಿಯ ಹಿಟ್ಟನ್ನು ಮೆತ್ತಿದ್ದರಂತೆ. ಅದು ಎಷ್ಟು ನಿಷ್ಠೆಯಿಂದ ಅಂಟಿತೆಂದರೆ ಎರಡು ದಿನ ಕೆರೆದರೂ ಬರಲಿಲ್ಲ. ಕೊನೆಗೆ ಮುಚ್ಚಿಗೆಯೇ ಹಾಳಾಗಿ, ಮೈಸೂರಿನಿಂದ ಹೊಸದು ಬರುವವರೆಗೆ ಎರಡು ತಿಂಗಳು ದಿಂಬು ಬಡಿದರು.

ದಿಂಬು ಬಡಿಯುವುದು ಅವರಿಗೆ ಹೊಸದಲ್ಲ. ಟೋಕಿಯೊದ ಮಾಲೀಕರು ಮನೆ ಕೊಡುವಾಗಲೇ ವಾದ್ಯ ನುಡಿಸಕೂಡದು ಎಂದು ಬರೆಸಿಕೊಂಡಿದ್ದರಂತೆ. ಹೊರದೇಶದವರಿಗೆ ಮನೆ ಸಿಗುವುದೇ ಕಷ್ಟವಾದ್ದರಿಂದ ಸಹಿ ಹಾಕಿದರು. ಗೋಡೆ ಎಷ್ಟು ತೆಳುವೆಂದರೆ ಪಕ್ಕದ ಮನೆಯವರು ಪುಟ ತಿರುಗಿಸಿದ್ದು ಕೇಳುತ್ತಿತ್ತು ಎನ್ನುವರು. ಅದು ಉತ್ಪ್ರೇಕ್ಷೆ ಎಂದು ಅವರ ಹೆಂಡತಿ ಹೇಳುವರು. ಮನೆಯಲ್ಲಿ ಹಾಸಿಗೆ ಮಡಿಸಿ ಅದರ ಮೇಲೆ ಕೈ ಸಾಧನೆ. ನಿಜವಾದ ಮೃದಂಗ ನುಡಿಸಬೇಕೆಂದರೆ ಕರಾವೊಕೆ ರೂಮು. ಅಲ್ಲಿ ಗಂಟೆಯ ಲೆಕ್ಕದಲ್ಲಿ ಪುಟ್ಟ ಪುಟ್ಟ ಕೋಣೆಗಳು ಬಾಡಿಗೆಗೆ ಸಿಗುತ್ತವೆ, ಜನ ಬಾಗಿಲು ಹಾಕಿಕೊಂಡು ಹಾಡುತ್ತಾರೆ. ವಾರದ ನಡುವೆ ಹಗಲು ಹೊತ್ತು ಖಾಲಿ. ಇವರು ಮೃದಂಗ ಹೊತ್ತು ಹೋಗಿ, ಎಷ್ಟು ಜನ ಎಂದರೆ ಒಬ್ಬ, ಯಾವ ಹಾಡು ಎಂದರೆ ಯಾವುದೂ ಬೇಡ ಎನ್ನುತ್ತಿದ್ದರು. ಕೌಂಟರಿನ ಹೆಂಗಸು ಮೂರು ತಿಂಗಳು ಏನೂ ಹೇಳಲಿಲ್ಲ. ನಾಲ್ಕನೆಯ ತಿಂಗಳಿನಿಂದ ಕೇಳದೆಯೇ ತುದಿಯ ಕೋಣೆಯ ಬೀಗದ ಕೈ ಕೊಡತೊಡಗಿದಳು. ಅದರ ಪಕ್ಕದಲ್ಲಿ ಬೇರೆ ಕೋಣೆ ಇರಲಿಲ್ಲ. ಇದು ತನಗಾದ ಮರ್ಯಾದೆಯೋ ಅಥವಾ ಉಳಿದ ಗಿರಾಕಿಗಳ ರಕ್ಷಣೆಯೋ ಎಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಹವಾ ಚೆನ್ನಾಗಿದ್ದ ದಿನ ನದಿಯ ಸೇತುವೆಯ ಕೆಳಗೆ ಹೋಗುತ್ತಿದ್ದರು. ಮನೆಯಲ್ಲಿ ಜಾಗವಿಲ್ಲದ ವಾದ್ಯಗಾರರೆಲ್ಲ ಬರುವುದು ಅಲ್ಲಿಗೇ. ಒಬ್ಬೊಬ್ಬರಿಗೆ ಒಂದೊಂದು ಕಂಬ. ಇವರ ಪಕ್ಕದ ಕಂಬಕ್ಕೆ ಟ್ರಂಪೆಟ್ ಊದುವ ಒಬ್ಬ ಮುದುಕ. ಬಂದಾಗ ಬಾಗುವುದು, ಹೋಗುವಾಗ ಬಾಗುವುದು, ರೈಲು ಬಂದಾಗ ಇಬ್ಬರೂ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿ ನಗುವುದು. ನಾಲ್ಕು ವರ್ಷದಲ್ಲಿ ಇಷ್ಟೇ ಪರಿಚಯ, ಹೆಸರು ಕೂಡ ಕೇಳಿಕೊಂಡಿರಲಿಲ್ಲ. ಒಂದು ಸಲ ಮುದುಕ ಐದಾರು ವಾರ ಬರಲಿಲ್ಲ. ಆಮೇಲೊಂದು ದಿನ ವಯಸ್ಸಾದ ಹೆಂಗಸೊಬ್ಬರು ಆತ ಕೂರುತ್ತಿದ್ದ ಮಡಚುವ ಸ್ಟೂಲನ್ನು ಹಿಡಿದು ಬಂದರು. ಗಂಡ ತೀರಿಕೊಂಡರು, ಪಕ್ಕದ ಕಂಬದ ವಿದೇಶೀಯರಿಗೆ ತಿಳಿಸಲು ತಡವಾಯಿತು, ಕ್ಷಮಿಸಬೇಕು ಎಂದು ತಲೆ ಬಾಗಿಸಿ ಸ್ಟೂಲನ್ನು ಇವರ ಕೈಗಿಟ್ಟರು. ಆ ಸ್ಟೂಲು ಕ್ಯಾರಿಯ ಮನೆಯ ಹಾಲ್‌ನಲ್ಲಿ ಒಂದು ಮೂಲೆಯಲ್ಲಿತ್ತು. ಮೃದಂಗದವರು ನೆಲದ ಮೇಲೆ ಕೂರುವವರು, ಅದರಿಂದ ಅವರಿಗೆ ಉಪಯೋಗವಿರಲಿಲ್ಲ. ಆದರೂ ಅದರ ಮೇಲೆ ಯಾರನ್ನೂ ಕೂರಿಸುತ್ತಿರಲಿಲ್ಲ.

ಕ್ಯಾರಿಗೆ ಬಂದ ಮೊದಲ ವಾರ ಅವರು ತಮ್ಮ ಹೊಸ ಹಾಲ್‌ನ ನಡುವೆ ನಿಂತು ಗೋಡೆ ತಟ್ಟಿ ನೋಡಿದ್ದು ನನಗೆ ನೆನಪಿದೆ. ನಾಲ್ಕು ಕಡೆಯೂ ಹುಲ್ಲು, ಪಕ್ಕದ ಮನೆ ಅಷ್ಟು ದೂರ. "ಇಲ್ಲಿ ನುಡಿಸ್ಬೋದಲ್ವಾ ರಾಯ್ರೇ?" ಎಂದು ಕೇಳಿದರು. ಧಾರಾಳವಾಗಿ ಎಂದೆ. ಒಂಬತ್ತು ವರ್ಷದ ಮೇಲೆ ತಾವಿರುವ ಮನೆಯೊಳಗೇ ಮೃದಂಗ ಎತ್ತಿ ತೊಡೆಯ ಮೇಲಿಟ್ಟುಕೊಂಡು ಮೊದಲ ಪೆಟ್ಟು ಹಾಕಿದಾಗ ಅವರ ಕಣ್ಣು ತುಂಬಿತ್ತು. ಅವರ ಹೆಂಡತಿ ಮೀಟಿಂಗಿನ ನಡುವೆ ಹೆಡ್‌ಫೋನು ತೆಗೆದು ಬಾಗಿಲಲ್ಲಿ ಬಂದು ನಿಂತರು. ಅಂದಿನಿಂದ ದಿನಾ ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಎರಡು ಗಂಟೆ ಸಾಧನೆ. ಆಮೇಲೆ ನನ್ನ ಮಗಳು ಕಲಿಯುತ್ತೇನೆಂದಳು. ಅವಳ ಹಿಂದೆ ಇನ್ನೂ ಮೂರು ಮಕ್ಕಳು ಬಂದರು. ವೀಸಾದ ಕಾರಣದಿಂದ ಮೇಷ್ಟ್ರು ಒಂದು ಡಾಲರೂ ಮುಟ್ಟಲಿಲ್ಲ. ಹೂವು, ಹಣ್ಣು, ಹಿತ್ತಲಲ್ಲಿ ಬೆಳೆದ ಬದನೆಕಾಯಿ ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು. ಮಗಳಿಗೆ ಅವರು ಮೊದಲು ಕಲಿಸಿದ್ದು ಎಲ್ಲಿ ಹೊಡೆಯಬಾರದು ಎಂಬುದನ್ನು.

ಮಕ್ಕಳು ಬರತೊಡಗಿದ ಮೇಲೆ ಒಂದು ದಿನ ಮೇಷ್ಟ್ರು ಐದು ಟವೆಲ್ಲುಗಳನ್ನು ಹಿಡಿದು ನಮ್ಮ ಮನೆಗೆ ಬಂದರು. ಟೋಕಿಯೊದಿಂದಲೇ ತಂದದ್ದು. ತೆಳ್ಳಗಿನ ಬಿಳಿ ಕೈಟವೆಲ್ಲುಗಳು, ಒಂದೊಂದನ್ನೂ ಬಿಳಿ ಕಾಗದದಲ್ಲಿ ಸುತ್ತಿ, ಅಂಚನ್ನು ಅಳೆದು ಮಡಿಸಿದ್ದರು. ಜಪಾನಿನಲ್ಲಿ ಹೊಸ ಮನೆಗೆ ಹೋದವರು ಎದುರಿನ ಮೂರು ಮನೆ, ಅಕ್ಕಪಕ್ಕದ ಎರಡು ಮನೆ, ಒಟ್ಟು ಐದು ಮನೆಗೆ ಹೋಗಿ ಇಂಥದ್ದೇನಾದರೂ ಸಣ್ಣ ಉಡುಗೊರೆ ಕೊಟ್ಟು, ನಮ್ಮಿಂದ ನಿಮಗೆ ಗಲಾಟೆಯಾಗಬಹುದು, ಮುಂಚೆಯೇ ಕ್ಷಮೆ ಕೇಳುತ್ತೇವೆ ಎಂದು ಬಾಗಬೇಕಂತೆ. ಶಬ್ದ ಮಾಡುವವನು ಮೊದಲು ಬಾಗಬೇಕು ಎನ್ನುವುದು ಮೇಷ್ಟ್ರ ಸಿದ್ಧಾಂತ. ಬಾಗಿದವನಿಗೆ ಎದುರಿನವರು, ಛೆ ಛೆ, ನಮ್ಮಿಂದಲೇ ನಿಮಗೆ ತೊಂದರೆಯಾದೀತು ಎನ್ನುತ್ತಾರೆ. ಅಲ್ಲಿಗೆ ಅದು ಮುಗಿಯಿತು. ಇಂಗ್ಲಿಷಿನಲ್ಲಿ ಬಾಯಲ್ಲಿ ಹೇಳಿದರೆ ತಪ್ಪಿಹೋಗುತ್ತದೆ, ಒಂದು ಕಾಗದ ಬರೆದುಕೊಡಿ ಎಂದು ಕೇಳಿದರು.

ಹದಿನಾರು ವರ್ಷದಿಂದ ಈ ದೇಶದಲ್ಲಿರುವವನು ನಾನು. ಕಾರಿಗೆ ಕಾರು ತಾಗಿದರೂ ಸಾರಿ ಅನ್ನಬೇಡ, ಅದೇ ತಪ್ಪೊಪ್ಪಿಗೆಯಾಗುತ್ತದೆ ಎಂದು ಹೊಸದಾಗಿ ಬಂದವರಿಗೆ ಪಾಠ ಹೇಳುವವನು. ಇದು ಮೈಮೇಲೆ ಇರುವೆ ಬಿಟ್ಟುಕೊಳ್ಳುವ ಕೆಲಸ, ಬೇಡ ಎಂದು ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಅವರ ಸಂಪ್ರದಾಯ ಮುದ್ದಾಗಿ ಕಂಡಿತು. ಅದಕ್ಕಿಂತ ಹೆಚ್ಚಾಗಿ ನನ್ನ ಇಂಗ್ಲಿಷನ್ನು ಒಬ್ಬರು ಕೇಳಿಕೊಂಡು ಬಂದದ್ದು ಹಿತವಾಯಿತು. ಶನಿವಾರ ನಾಲ್ಕು ಮಕ್ಕಳು ಬರುತ್ತಾರೆ, ಸದ್ದಾಗುತ್ತದೆ, ಕ್ಷಮಿಸಿ ಎಂದಷ್ಟೇ ಅವರು ಹೇಳಿದ್ದು. ಮಕ್ಕಳು ಬರುತ್ತಾರೆ ಎನ್ನುವುದು ಸಪ್ಪೆ ಎನ್ನಿಸಿ, ವಾರದ ತರಗತಿಗಳನ್ನು ನಡೆಸುತ್ತೇನೆ ಎಂದು ಬರೆದೆ. ಕೆಳಗೆ ವಾರ, ಗಂಟೆ ಎಲ್ಲ ಹಾಕಿ ಒಂದು ಟೇಬಲ್ ಮಾಡಿದೆ. ಅವರ ಹೆಸರು, ಮನೆ ನಂಬರು ಕೊಟ್ಟೆ. ಮೇಷ್ಟ್ರು ಓದಿ, ಆಫೀಸಿನ ಕಾಗದದ ಥರಾನೇ ಇದೆ ಎಂದು ಸಂತೋಷಪಟ್ಟರು.

ಹೊರಡುವಾಗ ಅವರು ನಾಲ್ಕು ಟವೆಲ್ ಎಣಿಸಿಕೊಂಡು ಐದನೆಯದನ್ನು ಮತ್ತೆ ಚೀಲಕ್ಕೆ ಹಾಕಿದರು. ಎದುರಿನ ಮೂರು ಮನೆಗಳಲ್ಲಿ ನಡುವಿನದು ನಮ್ಮದು. ನಮಗಿಲ್ಲವೇ ಎಂದು ನಾನು ಬೇಕೆಂದೇ ಕೈ ಚಾಚಿದೆ.

"ನಿಮ್ಗ್ಯಾಕ್ ರಾಯ್ರೇ? ಇದು ಹೊರಗಿನವ್ರಿಗೆ ಕೊಡೋದು. ನೀವು ನಮ್ಮೋರು. ನಿಮ್ಮನೇಲಿ ರವೆ ಇಸ್ಕೊಂಡು, ನಿಮ್ಗೇ ಸಾರಿ ಕೇಳ್ಲಾ?"

ಇದನ್ನು ಹೇಳಿದ್ದಕ್ಕೆ ನನ್ನ ಹೆಂಡತಿ ಅವರಿಗೆ ಮತ್ತೊಂದು ಲೋಟ ಕಾಫಿ ಕೊಟ್ಟಳು.

ನಾಲ್ಕೂ ಮನೆಯವರು ಟವೆಲ್ ನೋಡಿ ಹಿಗ್ಗಿದರು, ಎಂಥಾ ಒಳ್ಳೆಯ ಜನ ಎಂದರು. ಮೇಷ್ಟ್ರ ಎಡ ಪಕ್ಕದ ಮನೆಯಲ್ಲಿ ನಾಯಿಯ ಜೊತೆ ಇದ್ದ ನಿವೃತ್ತರೊಬ್ಬರಂತೂ ಕೈ ಕುಲುಕಿ ಬಿಡಲಿಲ್ಲವಂತೆ. ಎರಡು ತಿಂಗಳ ಮೇಲೆ ಕಮಿಟಿಗೆ ದೂರು ಕೊಟ್ಟವರು ಅವರೇ. ಅವರು ಕೆಟ್ಟವರೆಂದು ನಾನು ಹೇಳಲಾರೆ. ಆಮೇಲೊಂದು ಸಲ ನಾಯಿ ಹಿಡಿದು ನಿಂತು ನನ್ನ ಹತ್ತಿರ ಪ್ರಾಮಾಣಿಕವಾಗಿಯೇ ಹೇಳಿದರು. ಕಾಗದ ಬರುವ ಮುಂಚೆ ಅವರಿಗೆ ಆ ಸದ್ದು ಕೇಳಿಸಿಯೇ ಇರಲಿಲ್ಲವಂತೆ. ಕಾಗದ ಬಂದ ಮೇಲೆ ಶನಿವಾರ ಹತ್ತು ಗಂಟೆಯಾದರೆ ಕುರ್ಚಿಯಲ್ಲಿ ಕೂತು ಕಾಯತೊಡಗಿದರಂತೆ, ಈಗ ಶುರುವಾಗುತ್ತದೆ, ಈಗ ಶುರುವಾಗುತ್ತದೆ ಎಂದು. ಶುರುವಾದ ಮೇಲೆ ಕೇಳದೆ ಇರಲು ಆಗಲಿಲ್ಲ.

ನಮ್ಮ ಬಡಾವಣೆಯ ಕಮಿಟಿ ಎಂದರೆ ಮನೆಮಾಲೀಕರ ಸಂಘದ್ದು. ಹುಲ್ಲು ಎಷ್ಟು ಬೆಳೆಯಬೇಕು, ಮೇಲ್‌ಬಾಕ್ಸಿಗೆ ಯಾವ ಬಣ್ಣ ಬಳಿಯಬೇಕು ಎಂಬುದನ್ನೆಲ್ಲ ನಿಶ್ಚಯಿಸುವ ಆರು ಜನ. ಅದರಲ್ಲಿ ಭಾರತದವನು ನಾನೊಬ್ಬನೇ. ದೂರಿನ ಇಮೇಲು ಆಫೀಸಿನಲ್ಲಿರುವಾಗ ಬಂತು. ಜೊತೆಗೆ ಲಗತ್ತಿಸಿದ್ದ ಚಿತ್ರವನ್ನು ತೆರೆದರೆ ನಾನು ಬರೆದ ಕಾಗದ. ನನ್ನ ಟೇಬಲ್, ನನ್ನ ವಾಕ್ಯ. ವಾರದ ತರಗತಿಗಳು ಎಂಬ ಮಾತಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಮನೆಯಲ್ಲಿ ವ್ಯಾಪಾರ ನಡೆಸಕೂಡದು ಎಂದು ನಮ್ಮ ನಿಯಮ. ಇವರು ವ್ಯಾಪಾರ ನಡೆಸುತ್ತಿರುವುದನ್ನು ಸ್ವತಃ ಬರೆದುಕೊಟ್ಟಿದ್ದಾರೆ ಎಂಬುದು ದೂರು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವರು ಮೇಷ್ಟ್ರು. ಹಗ್ಗ ಹೊಸೆದವನು ನಾನು.

ಆ ಸಂಜೆಯೇ ರಸ್ತೆ ದಾಟಿ ಹೋಗಿ ಹೇಳಿದೆ. ಮೇಷ್ಟ್ರಿಗೆ ಕಾಗದದ ಚಿಂತೆಗಿಂತ ಆ ನಿವೃತ್ತರಿಗೆ ಎರಡು ತಿಂಗಳು ತೊಂದರೆಯಾಯಿತಲ್ಲ ಎಂಬ ಚಿಂತೆಯೇ ಹೆಚ್ಚಾಯಿತು. ಅವರ ಹೆಂಡತಿಗೆ ಮಾತ್ರ ಮುಖದ ಬಣ್ಣ ಹೋಯಿತು. ಎಚ್-ಫೋರ್‌ನಲ್ಲಿರುವವರು ವ್ಯಾಪಾರ ನಡೆಸಿದರು ಎಂಬ ಒಂದು ಕಾಗದ ಎಲ್ಲಾದರೂ ಉಳಿದರೆ, ನಾಳೆ ವೀಸಾ ಮುಂದುವರಿಸುವಾಗ ಅದನ್ನು ಯಾರಾದರೂ ಎತ್ತಿದರೆ? ಮನೆ ಬೇರೆ ಬಾಡಿಗೆಯದು. ಮಾಲೀಕರಿಗೆ ನೋಟೀಸು ಹೋದರೆ ಮನೆಯೂ ಉಳಿಯುವುದಿಲ್ಲ. "ಕಮಿಟೀಲಿ ನೀವಿದೀರಲ್ಲ. ನೀವೇ ಹೇಳಿ, ಫೀಸ್ ತಗೊಳಲ್ಲ, ಫ್ರೆಂಡ್ಸ್ ಮಕ್ಳು ಬರ್ತಾರೆ ಅಷ್ಟೇ ಅಂತ" ಎಂದು ಆಕೆ ನನ್ನನ್ನು ಕೇಳಿಕೊಂಡರು. ಖಂಡಿತ ಹೇಳುತ್ತೇನೆ ಎಂದೆ. ಆಗ ಅದು ನಿಜವಾಗಿಯೇ ನನ್ನ ಮನಸ್ಸಿನಲ್ಲಿತ್ತು.

ಮೀಟಿಂಗು ಈಜುಕೊಳದ ಪಕ್ಕದ ಹಾಲ್‌ನಲ್ಲಿ. ವಸಂತದ ಪೈನ್ ಪರಾಗ ಕಿಟಕಿ, ಕುರ್ಚಿ, ಕಾರುಗಳ ಮೇಲೆಲ್ಲ ಹಳದಿಯಾಗಿ ಕೂತಿದ್ದ ದಿನಗಳು. ಹೆಂಡತಿಗೆ ಆಫೀಸಿನ ಕರೆ ಇದ್ದದ್ದರಿಂದ ಮೇಷ್ಟ್ರು ಒಬ್ಬರೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅಧ್ಯಕ್ಷೆ ಕಾಗದವನ್ನು ತೋರಿಸಿ, ಇದು ನಿಮ್ಮದೇ ಎಂದು ಕೇಳಿದರು. ನನ್ನದೇ ಎಂದರು. ತರಗತಿ ನಡೆಸುತ್ತೀರಾ ಎಂದರೆ ಮಕ್ಕಳು ಬರುತ್ತಾರೆ ಎಂದರು. ಆಮೇಲೆ ಎದ್ದು ನಿಂತು, ಎರಡೂ ಕೈ ತೊಡೆಗೆ ಚಾಚಿ, ಆರಡಿಯ ಮೈಯನ್ನು ನಡುವಿನಿಂದ ಬಗ್ಗಿಸಿ, ನನ್ನಿಂದ ನಿಮಗೆಲ್ಲರಿಗೂ ತೊಂದರೆಯಾಯಿತು, ಕ್ಷಮಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿ ಹಾಗೆಯೇ ನಿಂತರು. ಛೆ ಛೆ, ನಮ್ಮದೇ ತಪ್ಪು ಎಂದು ಎದುರಿನವರು ಹೇಳುವ ಜಾಗ ಅದು. ಅದಕ್ಕಾಗಿಯೇ ಅವರು ಅಷ್ಟು ಹೊತ್ತು ಬಾಗಿ ನಿಂತದ್ದು ಎಂದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಉಳಿದವರೆಲ್ಲ ಸಮಾಧಾನದಿಂದ ತಲೆಯಾಡಿಸಿದರು. ತಪ್ಪಿತಸ್ಥ ಒಪ್ಪಿಕೊಂಡ ಮೇಲೆ ಇನ್ನೇನಿದೆ ಎಂಬ ಹಾಗೆ.

ಈ ವಿದ್ಯಾರ್ಥಿಗಳು ಯಾರು, ಯಾರಿಗಾದರೂ ಗೊತ್ತೇ ಎಂದು ಅಧ್ಯಕ್ಷೆ ಕೇಳಿದರು. ಮೇಷ್ಟ್ರು ತಲೆಯೆತ್ತಿ ಒಮ್ಮೆ ನನ್ನ ಕಡೆ ನೋಡಿದರು. ದೂರುವ ನೋಟವಲ್ಲ. ಸಂಗೀತ ಕಚೇರಿಯಲ್ಲಿ ಹಾಡುವವರು ತನಿ, ಅಂದರೆ ಮೃದಂಗ ಒಂದೇ ನುಡಿಯುವ ಸರದಿ, ಬಿಡುವ ಮುಂಚೆ ಪಕ್ಕವಾದ್ಯದವನು ನೋಡುತ್ತಾನಲ್ಲ, ಈಗಲೇ ಎಂದು ಕೇಳುವಂತೆ, ಅಷ್ಟೇ. ಆ ಕಾಗದ ಬರೆದವನು ನಾನು, ಆ ನಾಲ್ಕು ಮಕ್ಕಳಲ್ಲಿ ಒಬ್ಬಳು ನನ್ನ ಮಗಳು, ಇವರು ಫೀಸು ಮುಟ್ಟಿಲ್ಲ. ನಾನು ಹೇಳಬೇಕಿದ್ದುದು ಈ ಮೂರೇ ವಾಕ್ಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಲ್ಯಾಪ್‌ಟಾಪಿನ ಪರದೆ ನೋಡುತ್ತ, ಸೆಕ್ರೆಟರಿಯ ಕೆಲಸವಾದ ನಡವಳಿಯನ್ನು ಟೈಪ್ ಮಾಡುತ್ತಿದ್ದೆ. ನಿವಾಸಿ ದೂರನ್ನು ಒಪ್ಪಿಕೊಂಡರು, ಕ್ಷಮೆ ಯಾಚಿಸಿದರು ಎಂದು ಬರೆದೆ. ಅದೂ ಒಳ್ಳೆಯ ಇಂಗ್ಲಿಷಿನಲ್ಲಿಯೇ ಇತ್ತು.

ಯಾಕೆ ಸುಮ್ಮನಿದ್ದೆ ಎಂದು ನನ್ನನ್ನು ನಾನು ಬೇಕಾದಷ್ಟು ಸಲ ಕೇಳಿಕೊಂಡಿದ್ದೇನೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಹನ್ನೊಂದು ವರ್ಷದಿಂದ ನಿಂತಿದ್ದೇನೆ, ವೀಸಾದ ಗೋಜಲಿನಲ್ಲಿ ನನ್ನ ಹೆಸರೂ ಸೇರಿದರೆ ಎಂದು ಹೆದರಿದೆ ಎನ್ನಬಹುದು. ಹೆಂಡತಿಗೆ ನಾನು ಹೇಳಿದ್ದು ಹಾಗೆಯೇ. ಅದು ಪೂರ್ತಿ ನಿಜವಲ್ಲ. ಆ ಐವರು ನನ್ನನ್ನು ತಮ್ಮವನೆಂದು ಎಣಿಸಿದ್ದರು, ನನ್ನನ್ನು ನೋಡಿ ನಿಮ್ಮಂಥ ಭಾರತೀಯರು ಇರಬೇಕು ಎನ್ನುತ್ತಿದ್ದರು. ಮೃದಂಗದವರ ಪಕ್ಕಕ್ಕೆ ಹೋಗಿ ನಿಲ್ಲಲು ನನಗೆ ನಾಚಿಕೆಯಾಯಿತು. ನಡೆದದ್ದು ಇದು.

ಮಾಲೀಕರಿಗೆ ನೋಟೀಸು ಹೋಯಿತು. ಮೃದಂಗವೋ ಮನೆಯೋ ಎಂದು ಅವರು ಮೇಷ್ಟ್ರಿಗೆ ಬರೆದರು. ಅಂದಿನಿಂದ ಎದುರು ಮನೆಯಲ್ಲಿ ಸದ್ದಿಲ್ಲ. ಬೆಳಗ್ಗೆ ಕಸದ ಡಬ್ಬಿ ಇಡಲು ಹೋದಾಗ ಅವರ ಹಾಲ್‌ನ ಕಿಟಕಿಯಲ್ಲಿ ಕಾಣುತ್ತಿತ್ತು, ಮಡಿಲಲ್ಲಿ ಸೋಫಾದ ದಿಂಬು, ಅದರ ಮೇಲೆ ಓಡುವ ಕೈಗಳು. ಮಕ್ಕಳ ಪಾಠ ಜೂಮ್‌ನಲ್ಲಿ ನಡೆಯಿತು. ತಾಳ ಇಲ್ಲಿಂದ ಹೋಗಿ ಅಲ್ಲಿ ಮುಟ್ಟುವಷ್ಟರಲ್ಲಿ ತಪ್ಪುತ್ತಿತ್ತು. ಒಬ್ಬೊಬ್ಬರಾಗಿ ಬಿಟ್ಟರು, ನನ್ನ ಮಗಳೊಬ್ಬಳು ಉಳಿದಳು. ನಮ್ಮ ಮನೆಯ ಮೇಲಿನ ದೊಡ್ಡ ಕೋಣೆಯಲ್ಲಿ ಪಾಠ ಇಟ್ಟುಕೊಳ್ಳಬಹುದಲ್ಲ ಎಂದು ಹೆಂಡತಿ ಎರಡು ಸಲ ಹೇಳಿದಳು. ಕಮಿಟಿಯಲ್ಲಿ ಕೇಳಿ ನೋಡುತ್ತೇನೆ ಎಂದೆ. ಕೇಳಲಿಲ್ಲ.

ಒಂದು ದಿನ ಮೇಷ್ಟ್ರು ಇಲ್ಲಿಯೂ ಸೇತುವೆ ಹುಡುಕಿಕೊಂಡು ಹೋದರಂತೆ. ನಡೆಯುವವರ ಹಾದಿಯ ಮೇಲೆ ಹಾದುಹೋಗುವ ರಸ್ತೆಯ ಕೆಳಗೆ ಒಳ್ಳೆಯ ಕಂಬ ಸಿಕ್ಕಿತು. ಅರ್ಧ ಗಂಟೆ ನುಡಿಸಿದರು. ಓಡುತ್ತಿದ್ದವರು ನಿಂತು ಫೋನು ಹಿಡಿದರು. ಆಮೇಲೆ ಒಬ್ಬ ಪೋಲೀಸು ಬಂದು, ಎಲ್ಲ ಸರಿಯಿದೆಯೇ, ಆ ಚೀಲದಲ್ಲಿ ಏನಿದೆ ಎಂದು ಮರ್ಯಾದೆಯಾಗಿಯೇ ಕೇಳಿದರಂತೆ. ಮೇಷ್ಟ್ರು ಕ್ಷಮೆ ಕೇಳಿ, ರವೆ ಕೆರೆದು, ಮೃದಂಗ ಕಟ್ಟಿಕೊಂಡು ಬಂದರು. ಈ ಕತೆಯನ್ನು ನನಗೆ ಹೇಳಿದ್ದು ಮಗಳು. ರವೆ ಇಸಿದುಕೊಳ್ಳುವ ಕಾರಣ ಇಲ್ಲವಾದ್ದರಿಂದ ಅವರು ನಮ್ಮ ಮನೆಗೆ ಬರುವುದು ನಿಂತುಹೋಗಿತ್ತು. ಎದುರು ಸಿಕ್ಕರೆ ನಗುತ್ತಿದ್ದರು, ಹೆಂಡತಿಯ ಆರೋಗ್ಯ, ಮಗಳ ಓದು ಕೇಳುತ್ತಿದ್ದರು. ರಾಯ್ರೇ ಎನ್ನುವುದು ಯಾವಾಗ ಬಿಟ್ಟುಹೋಯಿತೋ ಗಮನಿಸಲಿಲ್ಲ, ಸಾರ್ ಎನ್ನತೊಡಗಿದ್ದರು.

"ಅಪ್ಪಾ, ಯು ರೋಟ್ ದಟ್ ಲೆಟರ್, ರೈಟ್?" ಎಂದು ಮಗಳು ಒಂದು ದಿನ ಕಾರಿನಲ್ಲಿ ಕೇಳಿದಳು. ಹೌದು ಎಂದೆ. "ಕಮಿಟೀಗೆ ಹೇಳಿದ್ಯಾ?" ಎಂದು ಕನ್ನಡದಲ್ಲಿ ಕೇಳಿದಳು. ಅವಳು ತಾನಾಗಿ ಕನ್ನಡ ಮಾತಾಡುವುದೇ ಅಪರೂಪ. ಸಿಗ್ನಲ್ ಹಸಿರಾಗಿದೆ ಎಂದು ನಾನು ಗಾಡಿ ಮುಂದೆ ಬಿಟ್ಟೆ.

ಮರುವರ್ಷ ಅವರ ಹೆಂಡತಿಯ ಕಂಪನಿಯಲ್ಲಿ ಕೆಲಸ ಕಡಿತವಾಯಿತು. ಅರವತ್ತು ದಿನದಲ್ಲಿ ಬೇರೆ ಕೆಲಸ ಸಿಗಬೇಕು, ಇಲ್ಲವೇ ದೇಶ ಬಿಡಬೇಕು. ಇಲ್ಲಿ ಸಿಗಲಿಲ್ಲ, ಟೋಕಿಯೊದ ಹಳೆಯ ಆಫೀಸಿನವರು ಕರೆದರು. ಹೊರಡುವ ಹಿಂದಿನ ದಿನ ಬೆಳಗ್ಗೆ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಮನೆ ಮನೆಗೆ ಹೊರಟದ್ದು ನಮ್ಮ ಅಡಿಗೆಮನೆಯ ಕಿಟಕಿಯಿಂದ ಕಂಡಿತು. ಬಿಟ್ಟು ಹೋಗುವಾಗಲೂ ಹೇಳಿ ಹೋಗಬೇಕು, ಅದೂ ಅಲ್ಲಿಯ ಪದ್ಧತಿ. ಕೈಯಲ್ಲಿ ಮೈಸೂರುಪಾಕಿನ ಡಬ್ಬಿಗಳು. ನಿವೃತ್ತರು ಹೊರಗೆ ಬಂದು ಅವರನ್ನು ತಬ್ಬಿಕೊಂಡರು. ನಾಯಿ ಬಾಲ ಆಡಿಸಿತು. ಬಲಗಡೆಯ ಮನೆ ಮುಗಿಸಿ, ರಸ್ತೆ ದಾಟಿ, ಈ ಬದಿಯ ಎರಡು ಮನೆ ಮುಗಿಸಿ, ಕೊನೆಗೆ ನಮ್ಮ ಬಾಗಿಲಿಗೆ ಬಂದರು.

ಹೆಂಡತಿ ಒಳಗಿನಿಂದಲೇ, ಕಾಫಿ ಇಟ್ಟಿದ್ದೇನೆ ಬನ್ನಿ ಎಂದು ಕೂಗಿದಳು. ಪ್ಯಾಕಿಂಗ್ ಬಾಕಿಯಿದೆ ಎಂದು ಅವರು ಚಪ್ಪಲಿ ಬಿಡಲಿಲ್ಲ. ಮಗಳು ಮೆಟ್ಟಿಲಿಳಿದು ಬಂದಳು. ಎಲ್ಲಿ ಹೊಡೆಯಬಾರದು, ನೆನಪಿದೆಯಾ ಎಂದು ಕೇಳಿ ಅವಳ ತಲೆ ಮುಟ್ಟಿದರು, ನೆನಪಿದೆ ಅಂಕಲ್ ಎಂದಳು. ಮೈಸೂರುಪಾಕಿನ ಡಬ್ಬಿಗಳೆಲ್ಲ ಮುಗಿದಿದ್ದವು. ಅವರು ಜೋಳಿಗೆಗೆ ಕೈ ಹಾಕಿ ಇನ್ನೊಂದನ್ನು ತೆಗೆದರು. ಬಿಳಿ ಕಾಗದ ಅಂಚಿನಲ್ಲಿ ಸ್ವಲ್ಪ ಹಳದಿಯಾಗಿತ್ತು. ಮಡಿಕೆ ಮಾತ್ರ ಅಳೆದಿಟ್ಟ ಹಾಗೆಯೇ ಇತ್ತು. ಚೀಲಕ್ಕೆ ಹಾಕಿಕೊಂಡು ಹೋಗಿದ್ದ ಆ ಐದನೆಯ ಟವೆಲ್.

ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಇಷ್ಟ್ ದಿನ ನಮ್ಮಿಂದ ನಿಮ್ಗೆ ತುಂಬಾ ತೊಂದ್ರೆ ಆಯ್ತು ಸಾರ್. ಕ್ಷಮಿಸ್ಬೇಕು."

ಹೇಳಿ, ನಿವೃತ್ತರ ಮುಂದೆ ಬಾಗಿದಷ್ಟೇ, ಕಮಿಟಿಯ ಮುಂದೆ ಬಾಗಿದಷ್ಟೇ ಬಾಗಿದರು. ಹಾಗೆಯೇ ನಿಂತರು. ಈ ಜಾಗದಲ್ಲಿ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಅವರೇ ನನ್ನ ಅಡಿಗೆಮನೆಯಲ್ಲಿ ರವೆ ಕಲಸುತ್ತ ಹೇಳಿಕೊಟ್ಟಿದ್ದರು. ಆ ಮೀಟಿಂಗಿನಲ್ಲಿ ಹೇಳದೆ ಉಳಿಸಿಕೊಂಡ ಮೂರು ವಾಕ್ಯಗಳೂ ಇದ್ದವು. ಪಕ್ಕದಲ್ಲಿ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕೈ ಚಾಚಿ ಟವೆಲ್ ತೆಗೆದುಕೊಂಡೆ, ಒಂದೇ ಕೈಯಲ್ಲಿ.

"ಇಟ್ಸ್ ಓಕೆ" ಎಂದೆ.

ಮೇಷ್ಟ್ರು ನಿಧಾನವಾಗಿ ಮೇಲೆದ್ದು, ಒಮ್ಮೆ ತಲೆಯಾಡಿಸಿ, ರಸ್ತೆಯ ಎರಡೂ ಬದಿ ನೋಡಿ ದಾಟಿಕೊಂಡು ಹೋದರು.